ಇ-ರೀಡರ್ ಕೊಳ್ಳುವ ಮುನ್ನ: ಯಾವ ದೇಶ, ಯಾವ ಅಂಗಡಿ, ಯಾವ ಭಾಷೆ

ಇ-ರೀಡರ್, ಅಂದರೆ ಇ-ಪುಸ್ತಕ ಓದಲಿಕ್ಕೆಂದೇ ಮಾಡಿದ ಯಂತ್ರ, ಕೊಳ್ಳಲು ಹೊರಟವರು ಪರದೆಯ ಅಳತೆ, ಬ್ಯಾಟರಿ, ಬೆಲೆ ಎಂದು ಲೆಕ್ಕ ಹಾಕುತ್ತಾ ಕೂರುತ್ತಾರೆ. ಈ ವಿಷಯಗಳಲ್ಲಿ ಕಂಪನಿಗಳ ನಡುವೆ ಅಂಥ ದೊಡ್ಡ ಅಂತರವೇನೂ ಇಲ್ಲ. ಕಿಂಡಲ್, ಕೋಬೊ, ಟೊಲಿನೊ, ಪಾಕೆಟ್‌ಬುಕ್, ಬೂಕ್ಸ್ ಹೀಗೆ ಹೆಸರು ಯಾವುದೇ ಇರಲಿ, ಪರದೆ ಮಾತ್ರ ತೈವಾನ್‌ನ ಇ ಇಂಕ್ ಕಂಪನಿಯದು. ಸೂಕ್ಷ್ಮವಾದ ಕಪ್ಪು ಬಿಳುಪು ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಹಿಂಬದಿಯ ದೀಪ ಕಣ್ಣಿಗೆ ರಾಚುವುದಿಲ್ಲ, ಬಿಸಿಲಿನಲ್ಲೂ ಓದಬಹುದು, ಚಾರ್ಜು ವಾರಗಟ್ಟಲೆ ಬರುತ್ತದೆ. ಇಷ್ಟು ಬಹುತೇಕ ಎಲ್ಲದರಲ್ಲೂ ಇದೆ.

ಅಂತರ ಇರುವುದು ಆ ಪರದೆಗೆ ಪುಸ್ತಕ ಎಲ್ಲಿಂದ ಬರುತ್ತದೆ ಎಂಬಲ್ಲಿ. ಅಮೆರಿಕದಲ್ಲಿ ಗ್ರಂಥಾಲಯದ ಪುಸ್ತಕವನ್ನೂ ತೋರಿಸುವ ಕಿಂಡಲ್, ಜರ್ಮನಿಯಲ್ಲಿ ಅದೇ ಕೆಲಸಕ್ಕೆ ಬರುವುದಿಲ್ಲ. ಚೀನಾದಲ್ಲಿ ಅದರ ಇ-ಪುಸ್ತಕದಂಗಡಿಯೇ ಮುಚ್ಚಿದೆ. ಕನ್ನಡ ಓದುವವರಿಗೆ ಅದರೊಳಗೆ ಸಿಗುವುದು ಬಹಳ ಕಡಿಮೆ. ಹಾಗಾಗಿ ಯಂತ್ರವನ್ನು ಆರಿಸುವವರು ನಿಜವಾಗಿ ಒಂದು ಅಂಗಡಿಯನ್ನು ಆರಿಸುತ್ತಿರುತ್ತಾರೆ, ಮತ್ತು ಆ ಅಂಗಡಿ ಎಷ್ಟು ತುಂಬಿದೆ ಎಂಬುದನ್ನು ಆಯಾ ದೇಶದ ಕಾನೂನು, ತೆರಿಗೆ, ಗ್ರಂಥಾಲಯ, ಓದುಗರ ಅಭ್ಯಾಸ ಸೇರಿ ತೀರ್ಮಾನಿಸಿರುತ್ತವೆ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದವರ ವಿಮರ್ಶೆ ಓದಿ ಯಂತ್ರ ಕೊಳ್ಳುವುದು ನನ್ನ ಪ್ರಕಾರ ಹಣ ಕಳೆದುಕೊಳ್ಳುವ ನೇರ ದಾರಿ. ಮೊದಲು ದೇಶಗಳನ್ನು ನೋಡೋಣ, ಆಮೇಲೆ ನಮ್ಮ ಆಯ್ಕೆಗೆ ಬರೋಣ.

ಅಮೆರಿಕ ಮತ್ತು ಬ್ರಿಟನ್

2007ರ ನವೆಂಬರ್ 19ರಂದು ಅಮೆಜಾನ್ ಮೊದಲ ಕಿಂಡಲ್ ಅನ್ನು 399 ಡಾಲರ್‌ಗೆ ಮಾರಾಟಕ್ಕೆ ಇಟ್ಟಿತು. ಐದೂವರೆ ಗಂಟೆಯಲ್ಲಿ ಇದ್ದದ್ದೆಲ್ಲ ಖಾಲಿಯಾಯಿತು. ಅದಕ್ಕೂ ಮುಂಚೆ ಸೋನಿ ಕಂಪನಿಯ ರೀಡರ್ ಅಲ್ಲಿ ಸಿಗುತ್ತಿತ್ತು, ಆದರೆ ಅದಕ್ಕೆ ಪುಸ್ತಕ ತುಂಬಲು ಕಂಪ್ಯೂಟರ್ ಬೇಕಿತ್ತು. ಕಿಂಡಲ್‌ನೊಳಗೆ ಮೊಬೈಲ್ ಸಂಪರ್ಕವೇ ಇತ್ತು; ಕುಳಿತಲ್ಲಿಯೇ ಪುಸ್ತಕ ಕೊಂಡು ಓದಲು ಶುರು ಮಾಡಬಹುದಿತ್ತು. ಜನಪ್ರಿಯ ಹೊಸ ಪುಸ್ತಕಗಳಿಗೆ 9.99 ಡಾಲರ್ ಬೆಲೆ ಇಟ್ಟದ್ದು ಓದುಗರನ್ನು ಇನ್ನಷ್ಟು ಸೆಳೆಯಿತು.

ಆ ಬೆಲೆಯೇ ಮುಂದೆ ದೊಡ್ಡ ಜಗಳಕ್ಕೆ ಕಾರಣವಾಯಿತು. ಗಟ್ಟಿ ರಟ್ಟಿನ ಪುಸ್ತಕದ ಬೆಲೆ ಬಿದ್ದುಹೋಗುತ್ತದೆ ಎಂದು ಹೆದರಿದ ಪ್ರಕಾಶಕರು, 2010ರಲ್ಲಿ ಐಪ್ಯಾಡ್ ಬಂದಾಗ ಆ್ಯಪಲ್ ಜೊತೆ ಹೊಸ ಒಪ್ಪಂದ ಮಾಡಿಕೊಂಡರು: ಬೆಲೆ ನಿಗದಿ ಮಾಡುವವರು ಪ್ರಕಾಶಕರೇ, ಅಂಗಡಿಗೆ ಕಮಿಷನ್ ಮಾತ್ರ. 2012ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಆ್ಯಪಲ್ ಹಾಗೂ ಐದು ದೊಡ್ಡ ಪ್ರಕಾಶನ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿತು. ಮರುವರ್ಷ ತೀರ್ಪು ಆ್ಯಪಲ್ ವಿರುದ್ಧ ಬಂತು. ಕೊನೆಗೆ ಅದು 45 ಕೋಟಿ ಡಾಲರ್ ಕೊಟ್ಟು ವಿವಾದ ಮುಗಿಸಬೇಕಾಯಿತು. ಆದರೂ ಇಂದು ದೊಡ್ಡ ಪ್ರಕಾಶಕರ ಇ-ಪುಸ್ತಕಗಳ ಬೆಲೆಯನ್ನು ಅವರೇ ಇಡುತ್ತಾರೆ. ಹೊಸ ಕಾದಂಬರಿಯ ಇ-ಪುಸ್ತಕ 14.99 ಡಾಲರ್ ಇದ್ದರೆ ಅಲ್ಲಿ ಯಾರಿಗೂ ಅಚ್ಚರಿಯಿಲ್ಲ. ಅಗ್ಗದ ಇ-ಪುಸ್ತಕ ಬೇಕಾದವರು ಲೇಖಕರೇ ನೇರವಾಗಿ ಪ್ರಕಟಿಸುವ ಪುಸ್ತಕಗಳತ್ತ ತಿರುಗಿದ್ದಾರೆ. ಪ್ರೇಮಕಥೆ, ಪತ್ತೇದಾರಿ, ವೈಜ್ಞಾನಿಕ ಕಾದಂಬರಿಗಳ ಓದುಗರಲ್ಲಿ ಕಿಂಡಲ್ ಅಷ್ಟು ಬೇರು ಬಿಟ್ಟಿರುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಆದರೂ ಕಾಗದ ಸೋತಿಲ್ಲ. ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಹಿಂದಿನ ಹನ್ನೆರಡು ತಿಂಗಳಲ್ಲಿ ಮುದ್ರಿತ ಪುಸ್ತಕ ಓದಿದ ವಯಸ್ಕ ಅಮೆರಿಕನ್ನರು ಶೇ 65, ಇ-ಪುಸ್ತಕ ಓದಿದವರು ಶೇ 30, ಕೇಳುಪುಸ್ತಕ ಆಲಿಸಿದವರು ಶೇ 23. ಇ-ರೀಡರ್ ಎಂದರೆ ಮೊದಲು ನೆನಪಾಗುವ ದೇಶದಲ್ಲೇ ಪರಿಸ್ಥಿತಿ ಹೀಗಿದೆ.

ಗ್ರಂಥಾಲಯದ ವಿಷಯ ಬೇರೆ. ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳು ಓವರ್‌ಡ್ರೈವ್ ಕಂಪನಿಯ ಲಿಬ್ಬಿ ಆ್ಯಪ್ ಮೂಲಕ ಇ-ಪುಸ್ತಕ ಎರವಲು ಕೊಡುತ್ತವೆ. ಗ್ರಂಥಾಲಯದ ಕಾರ್ಡ್ ಇದ್ದರೆ ಸಾಕು, ಪುಸ್ತಕ ಉಚಿತ. ಅವಧಿ ಮುಗಿದ ಮೇಲೆ ತಾನಾಗಿಯೇ ಹಿಂತಿರುಗುತ್ತದೆ. 2011ರ ಸೆಪ್ಟೆಂಬರ್‌ನಿಂದ ಅಲ್ಲಿನ ಕಿಂಡಲ್‌ಗಳಲ್ಲಿಯೂ ಈ ಸೌಲಭ್ಯವಿದೆ. ಇದು ಸಿಗುವುದು ಅಮೆರಿಕದಲ್ಲಿ ಮಾತ್ರ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಲ್ಲಿ ಗ್ರಂಥಾಲಯದಿಂದ ಎರವಲು ಪಡೆದು ಇ ಇಂಕ್ ಪರದೆಯಲ್ಲಿ ಓದಬೇಕೆಂದರೆ ಕಿಂಡಲ್ ಆಗುವುದಿಲ್ಲ, ಸುಲಭದ ದಾರಿ ಕೋಬೊ. ಅದರೊಳಗೇ ಓವರ್‌ಡ್ರೈವ್ ಇದೆ. ಟೊರಾಂಟೊದಲ್ಲಿ ಹುಟ್ಟಿ ಈಗ ಜಪಾನಿನ ರಕುಟೆನ್ ಒಡೆತನದಲ್ಲಿರುವ ಕೋಬೊ, ಕಿಂಡಲ್‌ಗೆ ಎದುರಾಗಿ ಹಲವು ದೇಶಗಳಲ್ಲಿ ಉಳಿದುಕೊಂಡಿರುವುದಕ್ಕೆ ಇದು ದೊಡ್ಡ ಆಸರೆ. ಡಲ್ಲಾಸ್‌ನಲ್ಲಿರುವ ಅಣ್ಣ ಕಿಂಡಲ್ ಚೆನ್ನಾಗಿದೆ ಎಂದರೆ ಅದು ನಿಜವೇ. ಮೆಲ್ಬರ್ನ್‌ನಲ್ಲಿರುವ ತಂಗಿ ಅದೇ ಮಾತು ನಂಬಿ ಕೊಂಡರೆ ಊರ ಗ್ರಂಥಾಲಯದ ಇ-ಪುಸ್ತಕಗಳು ಅವರ ಯಂತ್ರಕ್ಕೆ ಬರುವುದಿಲ್ಲ.

ಬ್ರಿಟನ್ ತೆರಿಗೆಯ ವಿಷಯದಲ್ಲಿ ಒಳ್ಳೆಯ ಹೆಜ್ಜೆ ಇಟ್ಟಿದೆ. ಮುದ್ರಿತ ಪುಸ್ತಕಕ್ಕೆ ಅಲ್ಲಿ ವ್ಯಾಟ್ ಇರಲಿಲ್ಲ, ಇ-ಪುಸ್ತಕಕ್ಕೆ ಶೇ 20 ಇತ್ತು. 2020ರ ಮೇ 1ರಿಂದ ಅದನ್ನೂ ಸೊನ್ನೆ ಮಾಡಿದರು.

ಜರ್ಮನಿಯ ಪುಸ್ತಕದಂಗಡಿಗಳು ಒಂದಾದ ಬಗೆ

ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಜರ್ಮನಿಯದು. ಅಲ್ಲಿ ಪುಸ್ತಕಕ್ಕೆ ಕಾನೂನಿನಿಂದಲೇ ಒಂದು ಬೆಲೆ. ಪ್ರಕಾಶಕರು 22 ಯೂರೊ ಎಂದರೆ ಬರ್ಲಿನ್‌ನ ದೊಡ್ಡ ಮಳಿಗೆಯಲ್ಲೂ ಹಳ್ಳಿಯ ಸಣ್ಣ ಅಂಗಡಿಯಲ್ಲೂ ಅಮೆಜಾನ್‌ನಲ್ಲೂ 22 ಯೂರೊ. 2016ರಲ್ಲಿ ಕಾನೂನು ತಿದ್ದಿ ಇ-ಪುಸ್ತಕವನ್ನೂ ಸ್ಪಷ್ಟವಾಗಿ ಅದರೊಳಗೆ ತಂದರು. ರಿಯಾಯಿತಿ ಕೊಟ್ಟು ಮಾರುಕಟ್ಟೆ ಹಿಡಿಯುವ ಅಮೆಜಾನ್‌ನ ದೊಡ್ಡ ಅಸ್ತ್ರಕ್ಕೆ ಅಲ್ಲಿ ಮೊನೆಯೇ ಇಲ್ಲ.

ಈ ನೆಲದ ಮೇಲೆ ನಿಂತು 2013ರ ಮಾರ್ಚ್‌ನಲ್ಲಿ ಥಾಲಿಯಾ, ವೆಲ್ಟ್‌ಬಿಲ್ಡ್, ಹುಗೆನ್‌ಡುಬೆಲ್ ಮುಂತಾದ ಪುಸ್ತಕ ಮಾರಾಟ ಸರಪಳಿಗಳು ಡಾಯ್ಚ ಟೆಲಿಕಾಮ್ ಜೊತೆ ಸೇರಿ ಟೊಲಿನೊ ತಂದವು. ಒಬ್ಬರಿಗೊಬ್ಬರು ಎದುರಾಳಿಗಳಾಗಿದ್ದ ವ್ಯಾಪಾರಿಗಳು ಇವರು. ಪುಸ್ತಕಗಳು ಬಹುತೇಕ ಯಂತ್ರಗಳಲ್ಲಿ ನಡೆಯುವ ಇಪಬ್ ಎಂಬ ಕಡತದ ರೂಪದಲ್ಲಿ ಬರುತ್ತವೆ; ಒಂದು ಅಂಗಡಿಯಲ್ಲಿ ಯಂತ್ರ ಕೊಂಡು ಇನ್ನೊಂದರಲ್ಲಿ ಪುಸ್ತಕ ಕೊಂಡರೂ ಅಡ್ಡಿಯಿಲ್ಲ. ಕೊಳ್ಳುಗ ಯಂತ್ರವನ್ನು ಕೈಯಲ್ಲಿ ಹಿಡಿದು, ಅಂಗಡಿಯವರನ್ನು ಕೇಳಿ, ಅಲ್ಲಿಯೇ ಕೊಳ್ಳಬಹುದು. 2017ರಲ್ಲಿ ಟೆಲಿಕಾಮ್ ಕಂಪನಿಯ ಜಾಗಕ್ಕೆ ಕೋಬೊ ಬಂತು. ಕಿಂಡಲ್‌ಗೆ ಸರಿಸಮನಾಗಿ ಒಂದು ದೇಶದ ಪುಸ್ತಕ ವ್ಯಾಪಾರಿಗಳೇ ಎದ್ದು ನಿಂತ ದೊಡ್ಡ ಉದಾಹರಣೆ ಇದು. ನಮ್ಮ ಕನ್ನಡ ಪ್ರಕಾಶಕರು ಇದನ್ನು ಕೂತು ಓದಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಅಲ್ಲಿನ ಗ್ರಂಥಾಲಯಗಳ ಎರವಲು ವ್ಯವಸ್ಥೆಯ ಹೆಸರು ಓನ್‌ಲೈಹೆ. ಟೊಲಿನೊ, ಪಾಕೆಟ್‌ಬುಕ್‌ಗಳಲ್ಲಿ ಅದು ನಡೆಯುತ್ತದೆ, ಕಿಂಡಲ್‌ನಲ್ಲಿ ಇಲ್ಲ. ಸ್ಟುಟ್‌ಗಾರ್ಟ್, ಮ್ಯೂನಿಕ್‌ಗಳಲ್ಲಿರುವ ನಮ್ಮ ಎಂಜಿನಿಯರುಗಳು ಜರ್ಮನ್ ಕಲಿಯಲು ಪುಸ್ತಕ ಹುಡುಕುತ್ತಿದ್ದರೆ ಈ ಒಂದು ಕಾರಣಕ್ಕೆ ಕಿಂಡಲ್ ಬಿಟ್ಟು ಟೊಲಿನೊ ಕೊಳ್ಳಬಹುದು.

ಇಷ್ಟು ಒಳ್ಳೆಯ ವ್ಯವಸ್ಥೆ ಇದ್ದೂ ಜರ್ಮನಿಯ ಸಾಮಾನ್ಯ ಓದುಗರ ಪುಸ್ತಕ ಮಾರುಕಟ್ಟೆಯಲ್ಲಿ ಇ-ಪುಸ್ತಕದ ಪಾಲು ಸುಮಾರು ಶೇ 6 ಅಷ್ಟೇ. ಕಾಗದದ ಮೇಲಿನ ಮೋಹ ಎಂದು ಇದನ್ನು ಸುಲಭವಾಗಿ ಹೇಳಿ ಮುಗಿಸುತ್ತಾರೆ. ಅದಕ್ಕಿಂತ ಗಟ್ಟಿಯಾದ ಕಾರಣ ಸಾಗಣೆಯಲ್ಲಿದೆ. ಅಲ್ಲಿನ ಸಗಟು ವ್ಯಾಪಾರಿಗಳು ರಾತ್ರೋರಾತ್ರಿ ಪುಸ್ತಕ ತಲುಪಿಸುತ್ತಾರೆ. ಸಂಜೆ ಪಕ್ಕದ ಅಂಗಡಿಯಲ್ಲಿ ಹೇಳಿ ಬಂದರೆ, ಲಕ್ಷಗಟ್ಟಲೆ ಶೀರ್ಷಿಕೆಗಳಲ್ಲಿ ಯಾವುದಾದರೂ ಸರಿ, ಮರುದಿನ ಬೆಳಿಗ್ಗೆ ಕೈಗೆ ಸಿಗುತ್ತದೆ. ಬೇಕೆಂದಾಗ ಪುಸ್ತಕ ಸಿಗುವುದು ಇ-ಪುಸ್ತಕದ ಅತಿದೊಡ್ಡ ಲಾಭ. ಕಾಗದದ ಪುಸ್ತಕವೇ ಹಾಗೆ ಸಿಗುವಾಗ ಬದಲಾಯಿಸುವ ಒತ್ತಡ ಎಲ್ಲಿಂದ ಬರಬೇಕು?

ಫ್ರಾನ್ಸ್ ಕೂಡ ಇದೇ ದಾರಿಯದು. 1981ರ ಕಾನೂನಿನಿಂದ ಮುದ್ರಿತ ಪುಸ್ತಕಕ್ಕೆ ಒಂದೇ ಬೆಲೆ, 2011ರ ಕಾನೂನಿನಿಂದ ಇ-ಪುಸ್ತಕಕ್ಕೂ. ಫ್ನಾಕ್ ಮಳಿಗೆಗಳಲ್ಲಿ ಕೋಬೊ ಸಿಗುತ್ತದೆ. ಇ-ಪುಸ್ತಕಕ್ಕೂ ಮುದ್ರಿತ ಪುಸ್ತಕದಷ್ಟೇ, ಶೇ 5.5 ತೆರಿಗೆ ಹಾಕಿದ್ದಕ್ಕೆ ಯುರೋಪಿನ ನ್ಯಾಯಾಲಯ 2015ರಲ್ಲಿ ಫ್ರಾನ್ಸ್ ಮಾಡಿದ್ದು ತಪ್ಪು ಎಂದಿತ್ತು. ಮೂರು ವರ್ಷದ ನಂತರ ಯುರೋಪಿಯನ್ ಒಕ್ಕೂಟವೇ ನಿಯಮ ಬದಲಿಸಿ ಕಡಿಮೆ ತೆರಿಗೆಗೆ ಒಪ್ಪಿಗೆ ಕೊಟ್ಟಿತು.

ಜಪಾನ್, ಚೀನಾ: ಫೋನಿನ ಓದು

ಇ ಇಂಕ್ ಪರದೆಯ ಮೊದಲ ಇ-ರೀಡರ್ ಮಾರಾಟಕ್ಕೆ ಬಂದದ್ದು ಜಪಾನಿನಲ್ಲಿ, 2004ರಲ್ಲಿ. ಸೋನಿಯ ಲಿಬ್ರಿಯೆ ಅದರ ಹೆಸರು. ಪರದೆಯನ್ನು ಹೊಗಳದವರಿಲ್ಲ, ಆದರೆ ಅದರಲ್ಲಿ ತೆಗೆದುಕೊಂಡ ಪುಸ್ತಕ 60 ದಿನ ಕಳೆದರೆ ತೆರೆಯುತ್ತಿರಲಿಲ್ಲ. ದುಡ್ಡು ಕೊಟ್ಟ ಪುಸ್ತಕ ಎರಡು ತಿಂಗಳಿಗೆ ಮಾಯವಾಗುವ ಯಂತ್ರವನ್ನು ಜನ ಒಪ್ಪಲಿಲ್ಲ. ಮೂರು ವರ್ಷದ ನಂತರ ಕಿಂಡಲ್ ಗೆದ್ದದ್ದು ಹೆಚ್ಚು ಕಡಿಮೆ ಅದೇ ಬಗೆಯ ಪರದೆಯಿಂದಲೇ.

ಇಂದು ಜಪಾನಿನ ಇ-ಪ್ರಕಟಣೆಯ ಮಾರುಕಟ್ಟೆ ದೊಡ್ಡದು, ಆದರೆ ಅದು ಕಾಮಿಕ್ಸ್‌ನ ಮಾರುಕಟ್ಟೆ. 2023ರಲ್ಲಿ ಒಟ್ಟು ಸುಮಾರು 53,500 ಕೋಟಿ ಯೆನ್ ವಹಿವಾಟಿನಲ್ಲಿ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಒಂದೇ ಶೇ 90ರಷ್ಟಿತ್ತು. ಒಂದು ಕಥಾಸರಣಿ ನಲವತ್ತು ಐವತ್ತು ಸಂಪುಟ ಓಡುತ್ತದೆ. ಚಿಕ್ಕ ಮನೆಗಳಲ್ಲಿ ಅಷ್ಟನ್ನು ಇಡಲು ಜಾಗವೆಲ್ಲಿ? ರೈಲಿನಲ್ಲಿ ನಿಂತು, ಒಂದು ಕೈಯಲ್ಲಿ ಫೋನ್ ಹಿಡಿದು ಓದುವುದು ಅಲ್ಲಿ ರೂಢಿಯಾಗಿದೆ. 2016ರಲ್ಲಿ ಅಮೆಜಾನ್ ಜಪಾನಿಗೆಂದೇ ಮಾಂಗಾ ಮಾದರಿಯ ಕಿಂಡಲ್ ತಂದಿತು. ಅದರ ವಿಶೇಷ 32 ಜಿಬಿ ಸಂಗ್ರಹ. ಬರೀ ಅಕ್ಷರದ ಪುಸ್ತಕ ಓದುವವರಿಗೆ ಅಷ್ಟು ಜಾಗ ಯಾವತ್ತೂ ಬೇಕಾಗುವುದಿಲ್ಲ. ಇದನ್ನು ನೆನಪಿಟ್ಟರೆ ಹೆಚ್ಚು ಸಂಗ್ರಹದ ಮಾದರಿಗೆ ಸುಮ್ಮನೆ ಹೆಚ್ಚು ಹಣ ಕೊಡುವುದು ತಪ್ಪುತ್ತದೆ.

ಚೀನಾದಲ್ಲಿ ಕಿಂಡಲ್ 2013ರಲ್ಲಿ ಕಾಲಿಟ್ಟಿತು, ಚೆನ್ನಾಗಿಯೇ ಮಾರಾಟವಾಯಿತು. ಕೊಂಡವರು ಓದುವುದು ಬಿಟ್ಟು ನೂಡಲ್ಸ್ ಬಟ್ಟಲಿನ ಮೇಲೆ ಮುಚ್ಚಳವಾಗಿ ಇಡುತ್ತಾರೆ ಎಂಬ ಮಾತು ಅಲ್ಲಿ ಎಷ್ಟು ಹಬ್ಬಿತೆಂದರೆ, 2019ರಲ್ಲಿ ಅಮೆಜಾನ್‌ನ ಚೀನಾ ಶಾಖೆಯೇ ಅದನ್ನು ತನ್ನ ಜಾಹೀರಾತಿನಲ್ಲಿ ಬಳಸಿತು. 2022ರ ಜೂನ್‌ನಲ್ಲಿ ಅಂಗಡಿ ಮುಚ್ಚುವ ಘೋಷಣೆ ಬಂತು. 2023ರ ಜೂನ್ 30ಕ್ಕೆ ಮಾರಾಟ ನಿಂತಿತು. ಕೊಂಡ ಪುಸ್ತಕಗಳನ್ನು ಇಳಿಸಿಕೊಳ್ಳಲು ಇನ್ನೊಂದು ವರ್ಷ ಅವಕಾಶ ಕೊಟ್ಟರು. ಚೀನಾದ ಓದುಗರು ಓದುವುದು ಬಿಟ್ಟಿರಲಿಲ್ಲ. ಅವರು ಓದುತ್ತಿದ್ದುದು ಫೋನಿನಲ್ಲಿ, ಬೇರೆ ಬಗೆಯ ಸಾಹಿತ್ಯವನ್ನು. ಚಿದ್ಯಾನ್ ಎಂಬ ತಾಣ 2003ರಲ್ಲೇ ಧಾರಾವಾಹಿ ಕಾದಂಬರಿಗಳಿಗೆ ಅಧ್ಯಾಯದ ಲೆಕ್ಕದಲ್ಲಿ, ಸಾವಿರ ಅಕ್ಷರಕ್ಕೆ ಇಷ್ಟು ಫೆನ್ (ಅಲ್ಲಿನ ಪೈಸೆ) ಎಂದು ಹಣ ಪಡೆಯಲು ಶುರು ಮಾಡಿತ್ತು. ಮೊದಲ ಅಧ್ಯಾಯಗಳು ಉಚಿತ, ಕಥೆ ಹಿಡಿದ ಮೇಲೆ ಚಿಲ್ಲರೆ ಕಾಸು, ಲೇಖಕರಿಂದ ದಿನವೂ ಹೊಸ ಕಂತು. ಇಡೀ ಪುಸ್ತಕವನ್ನು ಒಮ್ಮೆಗೆ ಮಾರುವ ಕಿಂಡಲ್‌ಗೆ ಈ ಅಭ್ಯಾಸದೊಳಗೆ ಜಾಗ ಸಿಗಲಿಲ್ಲ.

ದಕ್ಷಿಣ ಕೊರಿಯಾದಲ್ಲಿ ಕೊರಿಯನ್ ಭಾಷೆಯ ಕಿಂಡಲ್ ಅಂಗಡಿ ಬರಲೇ ಇಲ್ಲ. ಅಲ್ಲಿನ ಪುಸ್ತಕದಂಗಡಿಗಳು ಕ್ರೆಮಾ ಎಂಬ ತಮ್ಮದೇ ಯಂತ್ರ ಮಾಡಿಕೊಂಡವು. ಸ್ವೀಡನ್ನಿನವರು ತಿಂಗಳ ಚಂದಾ ಕಟ್ಟಿ ಕೇಳುಪುಸ್ತಕಗಳತ್ತ ಹೋದರು. ಅಂಥ ಚಂದಾ ಸೇವೆ ಕೊಡುವ ಸ್ಟೋರಿಟೆಲ್ ಹುಟ್ಟಿದ್ದು ಅಲ್ಲಿಯೇ. ಬ್ರೆಜಿಲ್‌ನಲ್ಲಿ ಪುಸ್ತಕಕ್ಕೆ ತೆರಿಗೆ ಹಾಕಬಾರದೆಂದು ಸಂವಿಧಾನವೇ ಹೇಳುತ್ತದೆ. 2017ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ವಿನಾಯಿತಿಯನ್ನು ಇ-ಪುಸ್ತಕಕ್ಕೂ, ಓದಲಿಕ್ಕೆಂದೇ ಮಾಡಿದ ಇ-ರೀಡರ್ ಯಂತ್ರಕ್ಕೂ ವಿಸ್ತರಿಸಿತು. ಓದುವ ಸಾಧನವೂ ಪುಸ್ತಕದ ಭಾಗವೇ ಎಂದು ಒಪ್ಪಿದ ಆ ತೀರ್ಪು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಮೊದಲು ಶೇ 18 ಇತ್ತು. 2018ರ ಜುಲೈನಲ್ಲಿ, ಮುದ್ರಿತ ರೂಪವೂ ಇರುವ ಇ-ಪುಸ್ತಕಗಳಿಗೆ ಮಾತ್ರ ಶೇ 5ಕ್ಕೆ ಇಳಿಸಿದರು.

ಭಾರತ, ಅದರೊಳಗೆ ಕನ್ನಡ

ಕಿಂಡಲ್ ಅಂಗಡಿ ಭಾರತಕ್ಕೆ ಬಂದದ್ದು 2012ರ ಆಗಸ್ಟ್‌ನಲ್ಲಿ. ಅದೇ ವರ್ಷ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕೂಡ ಇ-ಪುಸ್ತಕ ಮಾರಲು ಶುರು ಮಾಡಿ, 2015ರ ಕೊನೆಗೆ ಕೈಬಿಟ್ಟು, ತನ್ನ ಓದುಗರನ್ನು ಕೋಬೊಗೆ ವರ್ಗಾಯಿಸಿತು. ಕೋಬೊ ಯಂತ್ರಗಳೂ ಒಂದು ಕಾಲಕ್ಕೆ ಇಲ್ಲಿನ ಮಳಿಗೆಗಳಲ್ಲಿ ಇದ್ದವು, ಆದರೆ ಕಿಂಡಲ್‌ನಷ್ಟು ಬೇರು ಬಿಡಲಿಲ್ಲ. ಇಂಗ್ಲಿಷ್ ಓದುವ ಭಾರತೀಯರಿಗೆ ಕೊನೆಗೆ ಉಳಿದದ್ದು ಹೆಚ್ಚು ಕಡಿಮೆ ಒಂದೇ ಬಾಗಿಲು.

2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕಿಂಡಲ್‌ಗೆ ತಂದಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಈ ಐದು. ಕನ್ನಡ ಇರಲಿಲ್ಲ. ಇಂಗ್ಲಿಷಿನಲ್ಲಿ ಬರುವ ಯಾವ ವಿಮರ್ಶೆಯೂ ಈ ಮಾತನ್ನು ಹೇಳುವುದಿಲ್ಲ, ನಮ್ಮ ಆಯ್ಕೆಯನ್ನು ತೀರ್ಮಾನಿಸುವುದು ಇದೇ. ಚೆನ್ನೈನವರು ಕಿಂಡಲ್ ಕೊಂಡರೆ ತಮ್ಮ ಭಾಷೆಯ ಸಾವಿರಾರು ಪುಸ್ತಕಗಳಿರುವ ಅಂಗಡಿಗೆ ಹೋಗುತ್ತಾರೆ. ಮೈಸೂರಿನವರು ಅದೇ ಹಣ ಕೊಟ್ಟು ಇಂಗ್ಲಿಷ್ ಅಂಗಡಿಗೆ ಹೋಗುತ್ತಾರೆ.

ಹಾಗೆಂದು ಕನ್ನಡದಲ್ಲಿ ಇ-ಪುಸ್ತಕ ಇಲ್ಲವೆಂದಲ್ಲ. ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕ, ಕೇಳುಪುಸ್ತಕ ಎರಡೂ ಇವೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಹಲವು ಪ್ರಕಾಶಕರ ಕನ್ನಡ ಪುಸ್ತಕ ಸಿಗುತ್ತವೆ. 2014ರಲ್ಲಿ ಶುರುವಾದ, ಬೆಂಗಳೂರಿನಲ್ಲೇ ನೆಲೆಯಿರುವ ಪ್ರತಿಲಿಪಿಯಲ್ಲಿ ಕನ್ನಡದ ಧಾರಾವಾಹಿ ಕಥೆಗಳು ದಿನವೂ ಬರುತ್ತವೆ. ಕಂತು ಕಂತಾಗಿ ಓದಿಸುವ ಚೀನಾದ ದಾರಿಗೆ ನಮ್ಮಲ್ಲಿ ಹತ್ತಿರವಾದದ್ದು ಅದು. ಉಚಿತವಾಗಿ ಬೇಕೆಂದರೆ ರಾಜ್ಯದ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವಿದೆ, ಸರ್ಕಾರದ ಕಣಜ ತಾಣವಿದೆ, ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿದ ಸಾವಿರಾರು ಹಳೆಯ ಕನ್ನಡ ಪುಸ್ತಕಗಳಿವೆ. ಇವೆಲ್ಲವೂ ಇರುವುದು ಫೋನ್ ಮತ್ತು ಕಂಪ್ಯೂಟರಿಗೆ. ಇ-ರೀಡರ್‌ಗೆ ನೇರವಾಗಿ ಕನ್ನಡ ಪುಸ್ತಕ ಮಾರುವ ದೊಡ್ಡ ಅಂಗಡಿಯೊಂದು ಇನ್ನೂ ಹುಟ್ಟಬೇಕಾಗಿದೆ.

ಬೆಲೆಯ ಲೆಕ್ಕವೂ ನಮ್ಮಲ್ಲಿ ಬೇರೆ. ನೂರೈವತ್ತು ಇನ್ನೂರು ರೂಪಾಯಿಗೆ ಒಳ್ಳೆಯ ಕನ್ನಡ ಪುಸ್ತಕ ಸಿಗುತ್ತದೆ, ಮೇಳದಲ್ಲಿ ಅದಕ್ಕೂ ರಿಯಾಯಿತಿ. 2025ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದ ಕಿಂಡಲ್ ಪೇಪರ್‌ವೈಟ್‌ನ ಬೆಲೆ ಆಗ 16,999 ರೂಪಾಯಿ ಇತ್ತು. ಆ ಹಣಕ್ಕೆ ನೂರರಷ್ಟು ಕನ್ನಡ ಪುಸ್ತಕ ಮನೆಗೆ ಬರುತ್ತವೆ. ಬೆಲೆ ಉಳಿಸಲಿಕ್ಕೆಂದು ಕನ್ನಡಿಗರು ಇ-ರೀಡರ್ ಕೊಳ್ಳಬೇಕಾಗಿಲ್ಲ. ಕಣ್ಣಿಗೆ ಹಿತ, ಅಕ್ಷರ ದೊಡ್ಡದು ಮಾಡುವ ಅನುಕೂಲ, ಪರದೇಶದಲ್ಲಿದ್ದೂ ಪುಸ್ತಕ ಸಿಗುವುದು, ಅಚ್ಚಿನಲ್ಲಿ ಇಲ್ಲದ ಹಳೆಯ ಪುಸ್ತಕ ಓದುವುದು, ಇವು ಕೊಳ್ಳಲು ನಿಜವಾದ ಕಾರಣಗಳು.

ಹಾಗಾದರೆ ಯಾವುದು?

ಕರ್ನಾಟಕದಲ್ಲಿದ್ದು ಮುಖ್ಯವಾಗಿ ಇಂಗ್ಲಿಷ್ ಓದುವವರು ಕಿಂಡಲ್ ಕೊಳ್ಳಲಿ, ಹೆಚ್ಚು ಯೋಚಿಸಬೇಕಾಗಿಲ್ಲ. ಭಾರತೀಯ ಉಪಖಂಡದ ಹಕ್ಕುಗಳು ಬೇರೆಯಾಗಿ ಮಾರಾಟವಾಗುವುದರಿಂದ ಇಲ್ಲಿನ ಇ-ಪುಸ್ತಕಗಳ ಬೆಲೆ ಅಮೆರಿಕಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಆರೇಳು ಇಂಚಿನ ಮಾದರಿ ಸಾಕು.

ಮುಖ್ಯವಾಗಿ ಕನ್ನಡ ಓದುವವರಿಗೆ ನಾನು ಕಿಂಡಲ್ ಸೂಚಿಸುವುದಿಲ್ಲ. ಮೊದಲು ಕೈಯಲ್ಲಿರುವ ಫೋನಿನಲ್ಲೇ ಮೈಲ್ಯಾಂಗ್, ಪ್ಲೇ ಬುಕ್ಸ್ ಹಾಕಿಕೊಂಡು ಕೆಲವು ತಿಂಗಳು ಓದಿ. ಪರದೆಯ ಓದು ನಿಮಗೆ ಒಗ್ಗಿತು, ಕಣ್ಣು ಮಾತ್ರ ದಣಿಯುತ್ತದೆ ಎನಿಸಿದರೆ ಆಂಡ್ರಾಯ್ಡ್ ಇರುವ ಇ ಇಂಕ್ ಯಂತ್ರ ನೋಡಿ. ಗುವಾಂಗ್‌ಝೌ ನಗರದ ಓನಿಕ್ಸ್ ಕಂಪನಿಯ ಬೂಕ್ಸ್ ಇವುಗಳಲ್ಲಿ ಹೆಚ್ಚು ಪರಿಚಿತ. ಅದರಲ್ಲಿ ಪ್ಲೇ ಸ್ಟೋರ್ ಇರುವುದರಿಂದ ಕನ್ನಡದ ಆ್ಯಪ್‌ಗಳೂ ಕಿಂಡಲ್ ಆ್ಯಪ್ ಕೂಡ ಒಂದೇ ಪರದೆಗೆ ಬರುತ್ತವೆ. ಬೆಲೆ ಹೆಚ್ಚು, ಬ್ಯಾಟರಿ ಕಿಂಡಲ್‌ನಷ್ಟು ದಿನ ಬರುವುದಿಲ್ಲ, ಫೋನಿಗೆಂದು ಮಾಡಿದ ಆ್ಯಪ್‌ಗಳಲ್ಲಿ ಪುಟ ಸರಿಯುವಾಗ ಹಿಂದಿನ ಪುಟದ ನೆರಳು ಉಳಿಯುತ್ತದೆ. ಇಷ್ಟು ಕೊರತೆ ಇದ್ದರೂ ಕನ್ನಡ ಪುಸ್ತಕದಂಗಡಿಗೆ ದಾರಿ ಇರುವ ಇ-ರೀಡರ್ ಇದು, ಅದಕ್ಕೇ ನನ್ನ ಮತ ಇದಕ್ಕೆ.

ಆರ್ಕೈವ್‌ನ ಹಳೆಯ ಪುಸ್ತಕಗಳೇ ನಿಮ್ಮ ಆಸಕ್ತಿಯಾದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಡೆಮಿ 1/8 ಆಕಾರದ ಕನ್ನಡ ಪುಸ್ತಕದ ಪುಟ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಆರು ಇಂಚಿನ ಪರದೆ ಎಂದರೆ ಕರ್ಣದ ಅಳತೆ. ಅದರ ಅಗಲ ಮೂರೂವರೆ ಇಂಚಿನ ಆಸುಪಾಸು, ಉದ್ದ ಐದಕ್ಕಿಂತ ಕಡಿಮೆ. ಸ್ಕ್ಯಾನ್ ಮಾಡಿದ ಪುಟ ಅದರೊಳಗೆ ಹೊಕ್ಕಾಗ ಅಕ್ಷರ ಅಚ್ಚಿನಲ್ಲಿದ್ದದ್ದರ ಅರ್ಧಕ್ಕಿಂತ ಸ್ವಲ್ಪವೇ ದೊಡ್ಡದಾಗಿ ಉಳಿಯುತ್ತದೆ. ಅದು ಚಿತ್ರವಾದ್ದರಿಂದ ಅಕ್ಷರವನ್ನಷ್ಟೇ ಹಿಗ್ಗಿಸಲು ಬರುವುದಿಲ್ಲ, ಪುಟವನ್ನು ಅತ್ತಿತ್ತ ಎಳೆಯುತ್ತಾ ಓದಬೇಕು. ಒತ್ತಕ್ಷರಗಳು ಕೆಳಗೆ ಇಳಿಯುವ ನಮ್ಮ ಲಿಪಿಯಲ್ಲಿ ಇದು ಇಂಗ್ಲಿಷಿಗಿಂತ ಹೆಚ್ಚು ಕಷ್ಟ. 10.3 ಇಂಚಿನ ಪರದೆಯಲ್ಲಿ ಅದೇ ಪುಟ ಹೆಚ್ಚು ಕಡಿಮೆ ನಿಜವಾದ ಅಳತೆಯಲ್ಲಿ ಕಾಣುತ್ತದೆ. ಅಷ್ಟು ದೊಡ್ಡ ಇ ಇಂಕ್ ದುಬಾರಿಯಾದರೆ ಹತ್ತು ಇಂಚಿನ ಸಾಮಾನ್ಯ ಟ್ಯಾಬ್ಲೆಟ್ ತೆಗೆದುಕೊಳ್ಳಿ. ಸಂಶೋಧನಾ ವಿದ್ಯಾರ್ಥಿಗಳು ಆರು ಇಂಚಿನ ಯಂತ್ರಕ್ಕೆ ಹಣ ಹಾಕಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಪರದೇಶದಲ್ಲಿ ಇರುವವರು ಮೊದಲು ಊರ ಗ್ರಂಥಾಲಯಕ್ಕೆ ಹೋಗಿ ಯಾವ ಯಂತ್ರಕ್ಕೆ ಎರವಲು ಕೊಡುತ್ತಾರೆಂದು ಕೇಳಲಿ. ಮೇಲೆ ಹೇಳಿದಂತೆ ಅಮೆರಿಕದಲ್ಲಿ ಕಿಂಡಲ್, ಕೋಬೊ ಎರಡೂ ಸರಿ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಲ್ಲಿ ಕೋಬೊ. ಜರ್ಮನಿಯಲ್ಲಿ ಟೊಲಿನೊ ಅಥವಾ ಪಾಕೆಟ್‌ಬುಕ್. ಕೋಬೊ, ಪಾಕೆಟ್‌ಬುಕ್‌ಗಳಿಗೆ ಕನ್ನಡ ಓದುವವರ ಪಾಲಿಗೆ ಇನ್ನೊಂದು ಗುಣವಿದೆ. ಕೆಓರೀಡರ್ ಎಂಬ ಉಚಿತ ತಂತ್ರಾಂಶವನ್ನು ಅವುಗಳಲ್ಲಿ ಹಾಕಿಕೊಳ್ಳಬಹುದು. ಕನ್ನಡಕ್ಕೆ ಫಾಂಟ್ ಹಾಕಿದರಷ್ಟೇ ಸಾಲದು. ವ್ಯಂಜನಕ್ಕೆ ಒತ್ತು, ಗುಣಿತ, ಅರ್ಕಾವತ್ತು ಸೇರಿಸಿ ಜೋಡಿಸುವ ಕೆಲಸವನ್ನು ತಂತ್ರಾಂಶ ಮಾಡಬೇಕು. ಕೆಓರೀಡರ್ ಬಳಸುವ ಹಾರ್ಫ್‌ಬಝ್ ಎಂಬ ತಂತ್ರಾಂಶ ಆ ಜೋಡಣೆಯನ್ನು ಸರಿಯಾಗಿ ಮಾಡುತ್ತದೆ. ನೋಟೊ ಸೆರಿಫ್ ಕನ್ನಡ, ಗುಬ್ಬಿ, ನವಿಲು ಇಂಥ ಮುಕ್ತ ಫಾಂಟುಗಳಲ್ಲಿ ಒಂದನ್ನು ಜೊತೆಗೆ ಹಾಕಿದರೆ ಯೂನಿಕೋಡ್‌ನಲ್ಲಿರುವ ಕನ್ನಡ ಇಪಬ್ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಪಿಡಿಎಫ್ ಪುಟದ ಅಂಚಿನ ಖಾಲಿ ಜಾಗ ಕತ್ತರಿಸಿ ತೋರಿಸುವ ಸೌಲಭ್ಯವೂ ಅದರಲ್ಲಿದೆ.

ಮನೆಯ ಹಿರಿಯರಿಗೆ ಕೊಡಿಸುವುದಾದರೆ ಹೊಂದಿಸುವ ತಾಪತ್ರಯ ಇಲ್ಲದ್ದು ಬೇಕು. ದೊಡ್ಡ ಟ್ಯಾಬ್ಲೆಟ್‌ನಲ್ಲಿ ಒಂದು ಕನ್ನಡ ಆ್ಯಪ್ ಹಾಕಿ, ಅಕ್ಷರ ಹಿಗ್ಗಿಸಿ, ಬೆಳಕು ತಗ್ಗಿಸಿ ಕೊಡಿ. ಕಣ್ಣು ಬಹಳ ಮಂಜಾಗಿದ್ದರೆ ಕೇಳುಪುಸ್ತಕವೇ ಒಳ್ಳೆಯದು.

ಕೊಂಡ ಪುಸ್ತಕ ಯಾರದು

ಇದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಬಹುತೇಕ ಇ-ಪುಸ್ತಕದಂಗಡಿಗಳು ನಮಗೆ ಕೊಡುವುದು ಓದುವ ಪರವಾನಗಿ ಮಾತ್ರ. 2009ರ ಜುಲೈನಲ್ಲಿ, ಹಕ್ಕು ಇಲ್ಲದವರು ಮಾರಿದ್ದರೆಂಬ ಕಾರಣಕ್ಕೆ ಅಮೆಜಾನ್ ಎರಡು ಕಾದಂಬರಿಗಳನ್ನು ಕೊಂಡವರ ಕಿಂಡಲ್‌ನಿಂದಲೇ ಅಳಿಸಿತು; ಹಣ ಹಿಂತಿರುಗಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. 2019ರಲ್ಲಿ ಮೈಕ್ರೊಸಾಫ್ಟ್ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗ ಕೊಂಡ ಪುಸ್ತಕಗಳೆಲ್ಲ ಹೋದವು. ಅಲ್ಲಿಯೂ ಹಣ ಮರಳಿತು, ಪುಸ್ತಕ ಮರಳಲಿಲ್ಲ. 2025ರ ಫೆಬ್ರುವರಿ 26ರಿಂದ ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ತುಂಬುವ ಸೌಲಭ್ಯವನ್ನು ಅಮೆಜಾನ್ ತೆಗೆದುಹಾಕಿತು. ನಕಲು ತಡೆಯುವ ಬೀಗವಿಲ್ಲದ ಇಪಬ್ ಕೊಡುವ ಪ್ರಕಾಶಕರು ಸಿಕ್ಕರೆ ಅವರಿಂದಲೇ ಕೊಳ್ಳಿ, ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ. ಮತ್ತೆ ಮತ್ತೆ ಓದಬೇಕೆನಿಸುವ ಪುಸ್ತಕವನ್ನು ಮುದ್ರಣದಲ್ಲೇ ಕೊಳ್ಳುವುದು ಇಂದಿಗೂ ಸರಿಯಾದ ನಿರ್ಧಾರ.

ಹಣ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. "ರಾಷ್ಟ್ರ, ಸ್ತ್ರೀ, ಅರ್ಘ್ಯ, ಸಂಸ್ಕೃತಿ, ಕರ್ತೃತ್ವ" ಎಂಬ ಪದಗಳನ್ನು ಯೂನಿಕೋಡ್‌ನಲ್ಲಿ ಬರೆದು ಒಂದು ಸಣ್ಣ ಇಪಬ್ ಮಾಡಿಕೊಳ್ಳಿ. ಯಂತ್ರ ಇರುವ ಸ್ನೇಹಿತರ ಬಳಿ, ಇಲ್ಲವೇ ಹಿಂತಿರುಗಿಸಲು ಅವಕಾಶವಿರುವ ಅವಧಿಯಲ್ಲಿ ನಿಮ್ಮ ಯಂತ್ರದಲ್ಲೇ ತೆರೆದು ನೋಡಿ. ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದರೆ, ಅರ್ಕಾವತ್ತಿನ ಜಾಗದಲ್ಲಿ ಬೇರೇನೋ ಕಂಡರೆ ಯಂತ್ರ ಹಿಂದಕ್ಕೆ ಕೊಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತ ಕೆಟ್ಟದಾಗಿ ಕಂಡರೆ ಅದು ಯಂತ್ರದ ದೋಷವಲ್ಲ. ಅದನ್ನು ಯೂನಿಕೋಡ್‌ಗೆ ಬದಲಾಯಿಸಿ ಮತ್ತೆ ನೋಡಬೇಕು.

ಕೋಬೊ, ಬೂಕ್ಸ್‌ಗಳನ್ನು ವಿದೇಶದಿಂದ ಬರುವ ನೆಂಟರ ಕೈಯಲ್ಲಿ ತರಿಸುವವರು ಇನ್ನೂ ಎರಡು ವಿಷಯ ವಿಚಾರಿಸಿಕೊಳ್ಳಿ: ಕೆಟ್ಟರೆ ರಿಪೇರಿಗೆ ಯಾವ ದೇಶಕ್ಕೆ ಕಳುಹಿಸಬೇಕು, ಮತ್ತು ಅದರ ಅಂಗಡಿ ಭಾರತದ ಕಾರ್ಡ್‌ನಿಂದ ಹಣ ಪಡೆಯುತ್ತದೆಯೇ. ಬಳಸಿದ ಯಂತ್ರವನ್ನು ಕಡಿಮೆ ಬೆಲೆಗೆ ತೆಗೆದುಕೊಳ್ಳುವುದಾದರೆ ಹಳೆಯ ಮಾಲೀಕರು ತಮ್ಮ ಖಾತೆಯಿಂದ ಅದನ್ನು ತೆಗೆದುಹಾಕಿದ್ದಾರೆಯೇ ಎಂದು ಅವರ ಎದುರಿನಲ್ಲೇ ನೋಡಿ, ಆಮೇಲೆ ಹಣ ಕೊಡಿ.